ಚೌಕಾಸಿ ಇಲ್ಲದ ಅಂಗಡಿ, ಮಹಡಿಯ ಮೇಲಿನ ಊಟ

ಡಿಸೆಂಬರ್ ಕೊನೆಯ ವಾರದಲ್ಲಿ ಜಪಾನಿಗೆ ಹೋಗುವ ಪ್ರವಾಸಿ, ಕೊಳ್ಳುವುದಕ್ಕೂ ತಿನ್ನುವುದಕ್ಕೂ ಎಂದೇ ಒಂದು ದಿನವನ್ನು ಎತ್ತಿಡುತ್ತಾನೆ. ಕೊರೆಯುವ ಚಳಿಯಲ್ಲಿ ಟೋಕಿಯೋದ ನಿಹೊನ್‌ಬಾಶಿಯಲ್ಲೋ ಶಿಂಜುಕುವಿನಲ್ಲೋ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿನ ಬಾಗಿಲು ತೆರೆಯುವುದನ್ನು ಕಾಯುತ್ತಾನೆ. ಬಾಗಿಲು ತೆರೆದಾಗ ನೌಕರರು ನಡು ಬಗ್ಗಿಸಿ ವಂದಿಸುತ್ತಾರೆ. ನೆಲಮಾಳಿಗೆಗೆ ಇಳಿದರೆ ಮೀನು, ಉಪ್ಪಿನಕಾಯಿ, ಸಿಹಿತಿಂಡಿ, ಕಟ್ಟಿಟ್ಟ ಬುತ್ತಿ. ಮೇಲೆ ಹತ್ತಿದರೆ ಜವಳಿ, ಪಾತ್ರೆ, ಆಟಿಕೆ. ಇನ್ನೂ ಮೇಲೆ ಊಟದ ಮನೆಗಳ ಸಾಲು. ಹೊರಗೆ ಬಂದರೆ ಬೀದಿ ಬದಿಯಲ್ಲಿ ಸುಟ್ಟ ಗೆಣಸಿನ ಪರಿಮಳ.

ಇಷ್ಟೆಲ್ಲ ಸುತ್ತಿದರೂ ಆತ ಬೆಲೆ ಎಷ್ಟೆಂದು ಬಾಯಿ ಬಿಟ್ಟು ಕೇಳಬೇಕಾಗಿಲ್ಲ. ಬಟ್ಟೆಗೆ ಚೀಟಿ ಕಟ್ಟಿದೆ. ಊಟದ ಮನೆಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಪ್ರತಿಯೊಂದು ತಿನಿಸಿನ ಪ್ರತಿರೂಪವನ್ನು ಅಚ್ಚುಕಟ್ಟಾಗಿ ಜೋಡಿಸಿ, ಅದರ ಪಕ್ಕದಲ್ಲೇ ಬೆಲೆ ಬರೆದಿಟ್ಟಿದ್ದಾರೆ. ಭಾಷೆ ಬಾರದವನೂ ಬೆರಳು ತೋರಿಸಿ ಹೊಟ್ಟೆ ತುಂಬಿಸಿಕೊಳ್ಳಬಹುದು.

ಇದು ಜಪಾನೀಯರ ಹುಟ್ಟುಗುಣವೆಂದು ಪ್ರವಾಸಿ ಭಾವಿಸುವುದುಂಟು. ಆದರೆ ಈ ಪದ್ಧತಿಗೆ ಒಂದು ಆರಂಭವಿದೆ, ಅದನ್ನು ತಂದ ವ್ಯಾಪಾರಿಗಳಿದ್ದಾರೆ, ಅದಕ್ಕಾಗಿ ನಡೆದ ಜಗಳಗಳೂ ಇವೆ. ಅಂಗಡಿಯ ಹೊಸ್ತಿಲನ್ನು ಯಾರು ದಾಟಬಹುದು ಎಂಬ ಪ್ರಶ್ನೆ ಸುಮಾರು 350 ವರ್ಷಗಳ ಈ ಚರಿತ್ರೆಯ ಉದ್ದಕ್ಕೂ ಇದೆ.

ಸಾಲದವರು ಬರುವ ರಾತ್ರಿ

ಹದಿನೇಳನೆಯ ಶತಮಾನದಲ್ಲಿ ಟೋಕಿಯೋಗೆ ಎದೋ ಎಂಬ ಹೆಸರಿತ್ತು. ತೊಕುಗಾವಾ ಶೋಗುನರ ರಾಜಧಾನಿ. ನಾಡಿನ ಸಾಮಂತರೆಲ್ಲ ತಮ್ಮ ಪರಿವಾರದೊಂದಿಗೆ ಒಂದಷ್ಟು ಕಾಲ ಇಲ್ಲಿ ವಾಸಿಸಬೇಕೆಂಬ ಕಟ್ಟಳೆಯಿತ್ತು. ಹೀಗಾಗಿ ರೇಷ್ಮೆ ಜವಳಿಗೆ ಇಲ್ಲಿ ದೊಡ್ಡ ಬೇಡಿಕೆ.

ಆದರೆ ಜವಳಿ ವ್ಯಾಪಾರದ ರೀತಿಯೇ ಬೇರೆ. ವ್ಯಾಪಾರಿಗಳು ಮಾದರಿಗಳನ್ನು ಹೊತ್ತು ಸಾಮಂತರ, ಸಮುರಾಯಿಗಳ, ಶ್ರೀಮಂತರ ಮನೆಗಳಿಗೆ ಹೋಗುತ್ತಿದ್ದರು. ಬಟ್ಟೆಯನ್ನು ಇಡೀ ಥಾನಿನ ಲೆಕ್ಕದಲ್ಲಿಯೇ ಕೊಳ್ಳಬೇಕು. ಬೆಲೆಯನ್ನು ಮೊದಲೇ ಏರಿಸಿ ಹೇಳುವುದು, ಗಿರಾಕಿ ಇಳಿಸಿ ಕೇಳುವುದು, ಕೊನೆಗೆ ಎಲ್ಲೋ ಒಂದು ಕಡೆ ಮಾತು ಕುದುರುವುದು. ಹಣ ಮಾತ್ರ ಕೈಗೆ ಬರುತ್ತಿರಲಿಲ್ಲ. ವ್ಯವಹಾರವೆಲ್ಲ ಉದ್ರಿ. ವರ್ಷಕ್ಕೆ ಒಂದೋ ಎರಡೋ ಬಾರಿ, ಮುಖ್ಯವಾಗಿ ವರ್ಷದ ಕೊನೆಯಲ್ಲಿ, ಬಾಕಿ ವಸೂಲಿ. ಕಾಯುವ ತಿಂಗಳುಗಳ ಬಡ್ಡಿ, ಬಾರದೇ ಹೋಗುವ ಹಣದ ನಷ್ಟ, ಎರಡನ್ನೂ ವ್ಯಾಪಾರಿ ಬೆಲೆಯಲ್ಲೇ ಸೇರಿಸಿಬಿಡುತ್ತಿದ್ದ.

ಆದ್ದರಿಂದ ವರ್ಷದ ಕೊನೆಯ ದಿನವೆಂದರೆ ಹಬ್ಬದ ಮುನ್ನಾದಿನ ಮಾತ್ರವಲ್ಲ, ಸಾಲದವರು ಲಾಂದ್ರ ಹಿಡಿದು ಮನೆ ಮನೆಗೆ ಬರುವ ದಿನವೂ ಹೌದು. ಬೆಳಗಾದರೆ ಹೊಸ ವರ್ಷ, ವಸೂಲಿಗೆ ಬಿಡುವು. ಅಷ್ಟು ಹೊತ್ತು ತಪ್ಪಿಸಿಕೊಂಡರೆ ಸಾಲಗಾರ ಗೆದ್ದಂತೆ. ಇಹಾರಾ ಸೈಕಾಕು ಎಂಬ ಕತೆಗಾರ ಈ ಒಂದು ದಿನದ ಪೇಚಾಟಗಳನ್ನೇ ವಸ್ತುವಾಗಿಸಿಕೊಂಡು 1692ರಲ್ಲಿ ಒಂದು ಕಥಾಸಂಕಲನವನ್ನೇ ಹೊರತಂದ. ಜಪಾನಿನ ಚಳಿಗಾಲದ ಖರೀದಿಯ ಹಿಂದೆ ಈ ನೆನಪು ಅಡಗಿದೆ.

ಒಂಬತ್ತು ಅಡಿಯ ಅಂಗಡಿ

ಈ ಪದ್ಧತಿಯನ್ನು ಮುರಿದವನು ಮಿತ್ಸುಯಿ ತಕತೋಶಿ. ಇಸೆ ಪ್ರಾಂತದ ಮತ್ಸುಸಾಕಾದಲ್ಲಿ 1622ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಎದೋದಲ್ಲಿ ಅಣ್ಣನ ಅಂಗಡಿಯಲ್ಲಿ ದುಡಿದ. ತಾಯಿಯನ್ನು ನೋಡಿಕೊಳ್ಳಬೇಕೆಂದು ಊರಿಗೆ ಮರಳಿದ. ಮತ್ತೆ ರಾಜಧಾನಿಯಲ್ಲಿ ಸ್ವಂತ ಅಂಗಡಿ ತೆರೆಯಲು ಅಣ್ಣ ತೀರಿಕೊಳ್ಳುವವರೆಗೆ ಕಾಯಬೇಕಾಯಿತು. 1673ರಲ್ಲಿ, ಐವತ್ತು ದಾಟಿದ ಮೇಲೆ, ಎದೋದ ಹೊಂಚೋ ಬೀದಿಯಲ್ಲಿ ಎಚಿಗೋಯಾ ಎಂಬ ಜವಳಿ ಅಂಗಡಿಯನ್ನು ಆತ ತೆರೆಸಿದ. ಅದರ ಮುಂಭಾಗದ ಅಗಲ ಕೇವಲ ಒಂಬತ್ತು ಅಡಿ.

ತಕತೋಶಿಯ ನಿಯಮ ಸರಳವಾಗಿತ್ತು. ನಗದು ಕೊಟ್ಟವರಿಗೆ ಮಾತ್ರ ಮಾಲು. ಏರಿಸಿ ಹೇಳುವ ಬೆಲೆ ಇಲ್ಲ, ಬರೆದದ್ದೇ ಬೆಲೆ. ಬಟ್ಟೆಯನ್ನು ಇಡೀ ಥಾನಾಗಿಯೇ ಕೊಳ್ಳಬೇಕೆಂದಿಲ್ಲ. ಬೇಕಾದಷ್ಟನ್ನು ಕತ್ತರಿಸಿ ಕೊಡಲಾಗುವುದು. ನಮ್ಮ ಕಿರಾಣಿ ಅಂಗಡಿಗಳ ಗೋಡೆಯ ಮೇಲೆ ಕಾಣುವ ‘ಇಂದು ನಗದು, ನಾಳೆ ಉದ್ರಿ’ ಫಲಕ ಗಿರಾಕಿಯ ಬಾಯಿ ಮುಚ್ಚಿಸಲು ಹಾಕಿದ್ದು. ಎಚಿಗೋಯಾದ ಫಲಕ ಗಿರಾಕಿಯನ್ನು ಒಳಗೆ ಕರೆಯಲು ಹಾಕಿದ್ದು. ಉದ್ರಿಯ ಹೊರೆ ಇಲ್ಲದ್ದರಿಂದ ಬೆಲೆ ಕಡಿಮೆಯಾಯಿತು. ಮನೆಗೆ ವ್ಯಾಪಾರಿಯನ್ನು ಕರೆಸಿಕೊಳ್ಳುವ ಅಂತಸ್ತಿಲ್ಲದ ಕುಶಲಕರ್ಮಿ, ಕೂಲಿಯವನ ಹೆಂಡತಿ, ಚಿಕ್ಕ ಅಂಗಡಿಯವನು ಎಲ್ಲರಿಗೂ ರೇಷ್ಮೆಯ ಒಂದು ತುಂಡಾದರೂ ಎಟುಕುವಂತಾಯಿತು.

ಎಲ್ಲರಿಗೂ ಒಂದೇ ಬೆಲೆ ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಸಮುರಾಯಿ, ರೈತ, ಕುಶಲಕರ್ಮಿ, ವ್ಯಾಪಾರಿ ಎಂದು ಸಮಾಜವನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದ್ದ ಕಾಲವದು. ಹೊರಗೆ ತಲೆ ಬಾಗಿಸಿ ನಡೆಯಬೇಕಾದವನು ಅಂಗಡಿಯೊಳಗೆ ಅದೇ ಬಟ್ಟೆಗೆ ಅಷ್ಟೇ ಹಣ ಕೊಡುತ್ತಿದ್ದ.

ಹಳೆಯ ಜವಳಿ ವ್ಯಾಪಾರಿಗಳು ಸುಮ್ಮನಿರಲಿಲ್ಲ. ಎಚಿಗೋಯಾವನ್ನು ತಮ್ಮ ಕೂಟದಿಂದ ಹೊರಗಿಟ್ಟರು. ಅಂಗಡಿಯ ಅಡುಗೆಮನೆಯ ಕಡೆಗೆ ಮುಖ ಮಾಡಿ ಶೌಚಾಲಯ ಕಟ್ಟಿ ಕಿರುಕುಳ ಕೊಟ್ಟರೆಂದು ಮಿತ್ಸುಯಿ ಮನೆತನದ ಕಥನ ಹೇಳುತ್ತದೆ. 1683ರಲ್ಲಿ ಅಂಗಡಿ ಹತ್ತಿರದ ಸುರುಗಾ-ಚೋಗೆ ಸ್ಥಳಾಂತರಗೊಂಡಿತು. ಜೊತೆಗೆ ಹಣ ವಿನಿಮಯದ ಅಂಗಡಿಯೂ ಸೇರಿಕೊಂಡಿತು. ಮುಂದೆ ಬ್ಯಾಂಕು, ಗಣಿ, ಹಡಗುಗಳವರೆಗೆ ಹರಡಿದ ಮಿತ್ಸುಯಿ ಉದ್ಯಮ ಸಮೂಹದ ಬೇರು ಇಲ್ಲಿದೆ. ಮಳೆ ಬಂದಾಗ ಗಿರಾಕಿಗಳಿಗೆ ಅಂಗಡಿಯ ಹೆಸರಿದ್ದ ಛತ್ರಿಗಳನ್ನು ಎರವಲು ಕೊಡುವ ಪದ್ಧತಿಯೂ ಎಚಿಗೋಯಾಕ್ಕೆ ಹೆಸರು ತಂದಿತು. ಮಳೆಯ ದಿನ ಎದೋದ ಬೀದಿಗಳಲ್ಲಿ ಅಂಗಡಿಯ ಜಾಹೀರಾತು ತಾನಾಗಿಯೇ ಸಂಚರಿಸುತ್ತಿತ್ತು.

1830ರ ದಶಕದ ಆರಂಭದಲ್ಲಿ ಚಿತ್ರಕಾರ ಹೊಕುಸಾಯ್ ಫ್ಯೂಜಿ ಪರ್ವತದ ದೃಶ್ಯಮಾಲೆಯಲ್ಲಿ ಈ ಅಂಗಡಿಯನ್ನೂ ಸೇರಿಸಿದ. ಎರಡು ಮಾಡುಗಳ ನಡುವೆ ಹಿಮ ಹೊದ್ದ ಫ್ಯೂಜಿ, ಮಾಡಿನ ಮೇಲೆ ಹೆಂಚು ಸರಿಪಡಿಸುವ ಕೆಲಸಗಾರರು, ಆಕಾಶದಲ್ಲಿ ಗಾಳಿಪಟ. ಎದೋದಲ್ಲಿ ಗಾಳಿಪಟ ಹೊಸ ವರ್ಷದ ಗುರುತು. ಕೆಳಗಿನ ಫಲಕದಲ್ಲಿ ನಗದಿಗೆ ಮಾರಾಟ, ಏರಿಸಿದ ಬೆಲೆ ಇಲ್ಲ ಎಂಬ ಒಕ್ಕಣೆ. ಒಂದೂವರೆ ಶತಮಾನ ಕಳೆದರೂ ಅಂಗಡಿಯ ಹೆಮ್ಮೆ ಅದೇ ಆಗಿತ್ತು.

ಬೀದಿಯ ಬಿಸಿ ತಿನಿಸು

ಆಗಿನ ಖರೀದಿದಾರರು ತಿನ್ನುತ್ತಿದ್ದುದು ಬೀದಿಯಲ್ಲಿ. ಹದಿನೆಂಟನೆಯ ಶತಮಾನದ ವೇಳೆಗೆ ಎದೋದ ಜನಸಂಖ್ಯೆ ಸುಮಾರು ಹತ್ತು ಲಕ್ಷ. ಅವರಲ್ಲಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರೇ ಹೆಚ್ಚು. ಮರದ ಮನೆಗಳ ನಗರದಲ್ಲಿ ಬೆಂಕಿಯ ಭಯ ಬೇರೆ. ಹೀಗಾಗಿ ಹೊರಗೆ ತಿನ್ನುವ ರೂಢಿ ಬೇರೂರಿತು. ತಳ್ಳುಗಾಡಿ, ಹೊರೆಗಾಡಿಗಳ ಮೇಲೆ ಸೋಬಾ ಎಂಬ ಹುರುಳಿ ಬಣ್ಣದ ಶಾವಿಗೆ, ಎಣ್ಣೆಯಲ್ಲಿ ಕರಿದ ಟೆಂಪುರಾ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೈಯಲ್ಲಿ ಒತ್ತಿ ಕೊಡುವ ಸೂಶಿ. ಇಂದು ದುಬಾರಿ ಹೋಟೆಲುಗಳ ಬಿಂಕದ ಊಟವಾಗಿರುವ ಸೂಶಿ ಅಂದು ಅವಸರದವರ ತಿಂಡಿ.

ವರ್ಷದ ಕೊನೆಯ ರಾತ್ರಿ ಸೋಬಾ ತಿನ್ನುವ ವಾಡಿಕೆ ಬಂದದ್ದೂ ಎದೋ ಕಾಲದಲ್ಲೇ. ಉದ್ದನೆಯ ಶಾವಿಗೆಯಂತೆ ಆಯುಷ್ಯವೂ ಉದ್ದವಾಗಲಿ ಎಂದು ಕೆಲವರು. ಸೋಬಾ ಸುಲಭವಾಗಿ ತುಂಡಾಗುವುದರಿಂದ ಹಳೆಯ ವರ್ಷದ ಕಷ್ಟವೂ ಹಾಗೆಯೇ ಕಡಿದುಹೋಗಲಿ ಎಂದು ಇನ್ನು ಕೆಲವರು.

ಚಳಿಗಾಲದ ಇನ್ನೊಂದು ತಿನಿಸು ಸುಟ್ಟ ಗೆಣಸು. ಬರಗಾಲಕ್ಕೆ ಆಸರೆಯಾಗಲೆಂದು ವಿದ್ವಾಂಸ ಅಓಕಿ ಕೊನ್ಯೋ 1735ರಲ್ಲಿ ಎದೋದಲ್ಲಿ ಪ್ರಾಯೋಗಿಕವಾಗಿ ಬೆಳೆಸಿದ ಗೆಣಸು ಬಡವರ ಸಿಹಿಯಾಯಿತು. ಗೆಣಸು ಮಾರುವವರ ಫಲಕದಲ್ಲಿ ‘ಹದಿಮೂರು ರಿ’ ಎಂಬ ಚಮತ್ಕಾರ ಇರುತ್ತಿತ್ತು. ರಿ ಎಂಬುದು ದೂರದ ಅಳತೆ. ಜಪಾನಿ ಭಾಷೆಯಲ್ಲಿ ‘ಕುರಿ’ ಎಂದರೆ ಚೆಸ್ಟ್‌ನಟ್ ಎಂಬ ಬೀಜ. ಅದೇ ಉಚ್ಚಾರ ‘ಒಂಬತ್ತು ರಿ’ ಎಂದೂ ಆಗುತ್ತದೆ. ‘ಅದಕ್ಕಿಂತ’ ಎಂಬ ಅರ್ಥದ ‘ಯೋರಿ’ ಎಂಬ ಮಾತು ‘ನಾಲ್ಕು ರಿ’ ಎಂದೂ ಕೇಳಿಸುತ್ತದೆ. ಒಂಬತ್ತಕ್ಕೆ ನಾಲ್ಕು ಕೂಡಿದರೆ ಹದಿಮೂರು. ಅಂದರೆ ಚೆಸ್ಟ್‌ನಟ್‌ಗಿಂತಲೂ ರುಚಿ! ಗೆಣಸಿಗೆ ಹೆಸರಾದ ಕವಾಗೋಯೆ ಊರು ಎದೋದಿಂದ ಸುಮಾರು ಹದಿಮೂರು ರಿ ದೂರದಲ್ಲಿತ್ತು ಎಂಬುದು ಈ ಲೆಕ್ಕಕ್ಕೆ ಇನ್ನಷ್ಟು ಪುಷ್ಟಿ ಕೊಟ್ಟಿತು.

ಹೊಸ ವರ್ಷ ಇಂದಿನ ದಿನಕ್ಕೆ ಬಂದದ್ದು ತಡವಾಗಿ. ಮೇಜಿ ಸರ್ಕಾರ ಹಳೆಯ ಚಾಂದ್ರಮಾನ ಪಂಚಾಂಗವನ್ನು ಕೈಬಿಟ್ಟು, ಐದನೆಯ ಮೇಜಿ ವರ್ಷದ ಹನ್ನೆರಡನೆಯ ತಿಂಗಳ ಮೂರನೆಯ ದಿನವನ್ನೇ 1873ರ ಜನವರಿ 1 ಎಂದು ಘೋಷಿಸಿತು. ವಸಂತದ ಹೊಸ್ತಿಲಲ್ಲಿ ಬರುತ್ತಿದ್ದ ಹಬ್ಬ ನಡು ಚಳಿಗಾಲಕ್ಕೆ ಸರಿಯಿತು. ಆದರೂ ಜಪಾನೀಯರ ಶುಭಾಶಯ ಪತ್ರಗಳಲ್ಲಿ ಹೊಸ ವರ್ಷಕ್ಕೆ ವಸಂತದ ಹೆಸರು ಇಂದಿಗೂ ಉಳಿದಿದೆ.

ಚಪ್ಪಲಿ ಕಳಚುವ ಹೊಸ್ತಿಲು

ಎಚಿಗೋಯಾದ ಒಳಗೂ ಒಂದು ತಡೆ ಉಳಿದಿತ್ತು. ಗಿರಾಕಿ ಚಾಪೆಯ ಮೇಲೆ ಕುಳಿತು ಬೇಕಾದದ್ದನ್ನು ಹೇಳಬೇಕು. ಹುಡುಗರು ಉಗ್ರಾಣದಿಂದ ಥಾನುಗಳನ್ನು ತಂದು ಬಿಚ್ಚಿ ತೋರಿಸುತ್ತಾರೆ. ಸುಮ್ಮನೆ ನೋಡಿ ಹೋಗುವುದಕ್ಕೆ ಅವಕಾಶವಿಲ್ಲ. ಕೊಳ್ಳುವ ಉದ್ದೇಶವಿಲ್ಲದವನು ಕುಳಿತುಕೊಳ್ಳುವುದಾದರೂ ಹೇಗೆ?

1895ರಲ್ಲಿ ಮಹಡಿಯ ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಬಟ್ಟೆಯನ್ನು ಪ್ರದರ್ಶನಕ್ಕಿಟ್ಟಾಗ ಈ ತಡೆ ಸಡಿಲವಾಯಿತು. 1904ರ ಡಿಸೆಂಬರಿನಲ್ಲಿ ಅಂಗಡಿ ಮಿತ್ಸುಕೋಶಿ ಎಂಬ ಹೆಸರಿನ ಕಂಪೆನಿಯಾಯಿತು. ಮಿತ್ಸುಯಿಯ ಮೊದಲ ಅಕ್ಷರಕ್ಕೆ ಎಚಿಗೋಯಾದ ಮೊದಲ ಅಕ್ಷರವನ್ನು ಇನ್ನೊಂದು ಉಚ್ಚಾರದಲ್ಲಿ ಸೇರಿಸಿದರೆ ಆ ಹೆಸರು. 1905ರ ಜನವರಿ 2ರ ಪತ್ರಿಕೆಗಳಲ್ಲಿ, ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರುಗಳ ಮಾದರಿಯನ್ನು ಅನುಸರಿಸುವುದಾಗಿ ಕಂಪೆನಿ ಘೋಷಿಸಿತು. 1914ರಲ್ಲಿ ನಿಹೊನ್‌ಬಾಶಿಯಲ್ಲಿ ಎದ್ದ ಹೊಸ ಕಟ್ಟಡದಲ್ಲಿ ಎಸ್ಕಲೇಟರ್ ಇತ್ತು. ಬಾಗಿಲಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದ ಮಾದರಿಯ ಎರಡು ಕಂಚಿನ ಸಿಂಹಗಳು ಕುಳಿತವು.

ಇಷ್ಟಾದರೂ ಗಿರಾಕಿಗಳು ಬಾಗಿಲಲ್ಲಿ ಪಾದರಕ್ಷೆ ಕಳಚಿಯೇ ಒಳಗೆ ಹೋಗಬೇಕಿತ್ತು. ಅವನ್ನು ಕಾಯುವುದಕ್ಕೆಂದೇ ನೌಕರರಿದ್ದರು. ಹಬ್ಬದ ಜನಜಂಗುಳಿಯಲ್ಲಿ ಸಾವಿರಾರು ಜೋಡುಗಳನ್ನು ಲೆಕ್ಕವಿಟ್ಟು ಮರಳಿಸುವುದು ದೊಡ್ಡ ಸಾಹಸ. 1923ರ ಸೆಪ್ಟೆಂಬರ್ 1ರ ಭೂಕಂಪ ಟೋಕಿಯೋವನ್ನು ಬೂದಿಯಾಗಿಸಿದ ಮೇಲೆ ಅಂಗಡಿಗಳು ತಾತ್ಕಾಲಿಕ ಚಪ್ಪರಗಳಲ್ಲಿ ದಿನಬಳಕೆಯ ಸಾಮಾನು ಮಾರತೊಡಗಿದವು. ಅಲ್ಲಿ ಚಪ್ಪಲಿ ಕಳಚುವ ಪ್ರಶ್ನೆಯೇ ಬರಲಿಲ್ಲ. ಹೊಸ ಕಟ್ಟಡಗಳು ಎದ್ದಾಗ ಒಂದರ ನಂತರ ಒಂದು ಅಂಗಡಿ ಹಳೆಯ ನಿಯಮವನ್ನು ಕೈಬಿಟ್ಟಿತು. ಬೀದಿಯಿಂದ ನೇರವಾಗಿ ಅಂಗಡಿಗೆ ನಡೆಯುವುದು ಜಪಾನಿನಲ್ಲಿ ಸಾಮಾನ್ಯವಾದದ್ದು ಹೀಗೆ.

ಭೂಕಂಪದ ನಂತರವೇ ಇನ್ನೊಂದು ಬದಲಾವಣೆ ಕಾಣಿಸಿತು. ನಿಹೊನ್‌ಬಾಶಿಯ ಮತ್ತೊಂದು ಹಳೆಯ ಅಂಗಡಿ ಶಿರೊಕಿಯಾ. ಅದು ತನ್ನ ಊಟದ ಮನೆಯ ಮುಂದೆ ತಿನಿಸುಗಳ ಮಾದರಿಗಳನ್ನು ಬೆಲೆಯೊಂದಿಗೆ ಇಟ್ಟು, ಮೊದಲೇ ಚೀಟಿ ಕೊಳ್ಳುವ ವ್ಯವಸ್ಥೆ ಮಾಡಿತು. ಮೇಣದ ತಿನಿಸುಗಳ ತಯಾರಿಕೆಯನ್ನು ಉದ್ಯಮವಾಗಿಸಿದವನು ಗಿಫು ಪ್ರಾಂತದ ಗುಜೋ ಹಚಿಮಾನಿನ ಇವಾಸಾಕಿ ತಕಿಜೋ. 1932ರಲ್ಲಿ ಒಸಾಕಾದಲ್ಲಿ ಆತ ವ್ಯಾಪಾರ ಆರಂಭಿಸಿದ. ತಕತೋಶಿ ಬಟ್ಟೆಗೆ ಮಾಡಿದ್ದನ್ನು ಈ ಗಾಜಿನ ಪೆಟ್ಟಿಗೆ ಊಟಕ್ಕೆ ಮಾಡಿತು. ಕಟ್‌ಲೆಟ್, ಆಮ್ಲೆಟ್ ಮುಂತಾದ ಹೆಸರುಗಳನ್ನೇ ಕೇಳದ ಹಳ್ಳಿಯ ಕುಟುಂಬ, ಏನು ಬರುತ್ತದೆ, ಎಷ್ಟು ಬೀಳುತ್ತದೆ ಎಂಬುದನ್ನು ಕಣ್ಣಾರೆ ಕಂಡೇ ಒಳಗೆ ಹೋಗಬಹುದಾಗಿತ್ತು. ಅವಮಾನದ ಭಯವಿರಲಿಲ್ಲ.

ಬರೀ ಅನ್ನದ ಗಿರಾಕಿಗಳು

1930ರ ಆಸುಪಾಸಿನಲ್ಲಿ ಜಗತ್ತಿನ ಆರ್ಥಿಕ ಕುಸಿತ ಜಪಾನನ್ನೂ ತಟ್ಟಿತು. ಡಿಪಾರ್ಟ್‌ಮೆಂಟ್ ಸ್ಟೋರಿನ ಊಟದ ಮನೆಗಳ ಹೆಸರಾಂತ ಕಥೆಗಳು ಹುಟ್ಟಿದ್ದು ಈ ಕಷ್ಟದ ದಿನಗಳಲ್ಲೇ.

ಆ ವರ್ಷದ ಡಿಸೆಂಬರ್ 1ರಂದು ನಿಹೊನ್‌ಬಾಶಿಯ ಮಿತ್ಸುಕೋಶಿಯ ಊಟದ ಮನೆ ಮಕ್ಕಳಿಗೆಂದೇ ಒಂದು ತಟ್ಟೆಯನ್ನು ಬಡಿಸಲಾರಂಭಿಸಿತು. ಬೆಲೆ 30 ಸೆನ್. ನೂರು ಸೆನ್ ಎಂದರೆ ಒಂದು ಯೆನ್. ದೊಡ್ಡವರು ತಿನ್ನುವ ಪಾಶ್ಚಾತ್ಯ ತಿನಿಸುಗಳೆಲ್ಲ ಚಿಕ್ಕ ಚಿಕ್ಕದಾಗಿ ಒಂದೇ ತಟ್ಟೆಯಲ್ಲಿ. ಮಧ್ಯದಲ್ಲಿ ಫ್ಯೂಜಿ ಪರ್ವತದ ಆಕಾರದ ಅನ್ನ, ಅದರ ತುದಿಯಲ್ಲಿ ಪುಟ್ಟ ಬಾವುಟ. ಇಂದು ಜಪಾನಿನಾದ್ಯಂತ ‘ಮಕ್ಕಳ ಲಂಚ್’ ಎಂದು ಪ್ರಸಿದ್ಧವಾಗಿರುವ ತಟ್ಟೆಯ ಮೂಲ ಇದೇ.

ಒಸಾಕಾದ ಕಥೆ ಇನ್ನೂ ಸೊಗಸಾಗಿದೆ. ಹಾಂಕ್ಯೂ ರೈಲು ಕಂಪೆನಿಯ ಕೊಬಾಯಾಶಿ ಇಚಿಜೋ 1929ರಲ್ಲಿ ಉಮೇದಾ ನಿಲ್ದಾಣದ ಮೇಲೆಯೇ ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಿಸಿದ. ರೈಲಿಳಿದವರೇ ಗಿರಾಕಿಗಳು. ಅಲ್ಲಿನ ಊಟದ ಮನೆಯಲ್ಲಿ ಕಾಫಿಯೂ ಸೇರಿ ಕರಿ-ರೈಸ್‌ಗೆ 20 ಸೆನ್. ಅಷ್ಟನ್ನೂ ಕೊಡಲಾಗದವರು ಐದು ಸೆನ್ ಕೊಟ್ಟು ಬರೀ ಅನ್ನ ತರಿಸಿಕೊಂಡು, ಮೇಜಿನ ಮೇಲೆ ಪುಕ್ಕಟೆಯಾಗಿ ಇಟ್ಟಿದ್ದ ವೂಸ್ಟರ್ ಸಾಸ್ ಸುರಿದು ತಿನ್ನತೊಡಗಿದರು. ಇದಕ್ಕೆ ‘ಸೋರೈಸ್’ ಎಂದು ಹೆಸರೂ ಬಂತು. ಊಟದ ಮನೆಯವರು ಬರೀ ಅನ್ನ ಕೊಡುವುದನ್ನು ನಿಲ್ಲಿಸಲು ಹೊರಟಾಗ ಕೊಬಾಯಾಶಿ ತಡೆದ. ಬರೀ ಅನ್ನದ ಗಿರಾಕಿಗಳಿಗೂ ಸ್ವಾಗತವೆಂದು ಪ್ರಕಟಿಸಿದ. ಅನ್ನದ ಜೊತೆ ಉಪ್ಪಿನಕಾಯಿ ಕೊಡಿಸಿದ. ಇವರು ಇಂದು ಬಡವರಿರಬಹುದು, ನಾಳೆ ಮದುವೆಯಾಗಿ ಮಕ್ಕಳನ್ನು ಕರೆದುಕೊಂಡು ಇಲ್ಲಿಗೇ ಬರುತ್ತಾರೆ ಎಂಬುದು ಅವನ ಲೆಕ್ಕಾಚಾರವಾಗಿತ್ತಂತೆ. ಅದರಲ್ಲಿ ದಯೆ ಎಷ್ಟು, ವ್ಯಾಪಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಭಾರತೀಯ ಕ್ರಾಂತಿಕಾರಿಯ ಕರಿ

ಜಪಾನೀಯರು ಕರಿ-ರೈಸನ್ನು ಕಲಿತದ್ದು ಭಾರತೀಯರಿಂದಲ್ಲ, ಬ್ರಿಟಿಷರಿಂದ. ಗೋಧಿ ಹಿಟ್ಟು ಹಾಕಿ ಗಟ್ಟಿಯಾಗಿಸಿದ ಹಳದಿ ಸಾರು ಅದು. ಟೋಕಿಯೋಗೆ ನಿಜವಾದ ಭಾರತೀಯ ರುಚಿ ಬಂದ ಕಥೆಯಲ್ಲಿ ಗಡೀಪಾರಿನ ಆಜ್ಞೆ, ಪ್ರೇಮ ಮತ್ತು ವ್ಯಾಪಾರದ ಪೈಪೋಟಿ ಮೂರೂ ಇವೆ.

1912ರಲ್ಲಿ ದೆಹಲಿಯಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಎಸೆದ ಸಂಚಿನಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಬೇಕಾಗಿದ್ದವರು ಬಂಗಾಳದ ರಾಸ್ ಬಿಹಾರಿ ಬೋಸ್. 1915ರಲ್ಲಿ ಅವರು ಹೆಸರು ಬದಲಿಸಿಕೊಂಡು ಜಪಾನಿಗೆ ತಪ್ಪಿಸಿಕೊಂಡರು. ಬ್ರಿಟನ್ನಿನ ಮಿತ್ರರಾಷ್ಟ್ರವಾಗಿದ್ದ ಜಪಾನ್ ಅದೇ ವರ್ಷದ ಕೊನೆಯಲ್ಲಿ ಅವರಿಗೆ ದೇಶ ಬಿಡುವಂತೆ ಆಜ್ಞೆ ಮಾಡಿತು. ಆಗ ರಾಷ್ಟ್ರೀಯವಾದಿ ನಾಯಕ ತೋಯಾಮಾ ಮಿತ್ಸುರು ನೆರವಿನಿಂದ ಅವರು ಅಡಗಿದ್ದು ಶಿಂಜುಕುವಿನ ನಕಾಮುರಾಯಾ ಎಂಬ ಬೇಕರಿಯ ಹಿಂದಿನ ಚಿತ್ರಶಾಲೆಯಲ್ಲಿ. ಬೇಕರಿಯ ಒಡೆಯರು ಸೋಮಾ ಐಜೋ ಮತ್ತು ಪತ್ನಿ ಕೊಕ್ಕೋ. 1918ರಲ್ಲಿ ಅವರ ಮಗಳು ತೊಶಿಕೊಳನ್ನು ಬೋಸ್ ಮದುವೆಯಾದರು. 1923ರಲ್ಲಿ ಬೋಸ್ ಜಪಾನಿನ ಪ್ರಜೆಯಾದರು. ಅಡಗಿಕೊಂಡು ಮನೆ ಬದಲಾಯಿಸುತ್ತ ಬಾಳಿದ ತೊಶಿಕೊ 1925ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು.

ಅದೇ ಹೊತ್ತಿಗೆ ಶಿಂಜುಕುವಿಗೆ ಮಿತ್ಸುಕೋಶಿಯ ಶಾಖೆ ಕಾಲಿಟ್ಟಿತು. ಬೇಕರಿಯ ವ್ಯಾಪಾರ ಕುಸಿಯಿತು. ದೊಡ್ಡ ಅಂಗಡಿಯೊಡನೆ ಪೈಪೋಟಿ ಮಾಡಬೇಕಾದರೆ ಗಿರಾಕಿಗಳು ಕುಳಿತು ತಿನ್ನುವ ಜಾಗ ಬೇಕೆಂದು ಸೋಮಾ ದಂಪತಿ ನಿರ್ಧರಿಸಿದರು. ಅಲ್ಲಿ ತಮ್ಮ ನಾಡಿನ ಕರಿಯನ್ನು ಬಡಿಸಬೇಕೆಂದು ಬೋಸ್ ಒತ್ತಾಯಿಸಿದರು. 1927ರ ಜೂನ್ 12ರಂದು ಆರಂಭವಾದ ಆ ಊಟದ ಮನೆಯಲ್ಲಿ ಮೂಳೆಸಹಿತ ಕೋಳಿ, ಮೊಸರು, ಮಸಾಲೆ ಹಾಕಿದ ಕರಿಗೆ 80 ಸೆನ್. ಬೇರೆ ಕಡೆಯ ಕರಿಗೆ ಹೋಲಿಸಿದರೆ ಹಲವು ಪಟ್ಟು ದುಬಾರಿ. ಆದರೂ ಜನ ಮುಗಿಬಿದ್ದರು. 1943ರಲ್ಲಿ ಸ್ವಾತಂತ್ರ್ಯ ಚಳವಳಿಯ ಹೊಣೆಯನ್ನು ಸಿಂಗಪುರದಲ್ಲಿ ಸುಭಾಷ್‌ಚಂದ್ರ ಬೋಸರಿಗೆ ಒಪ್ಪಿಸಿದ ರಾಸ್ ಬಿಹಾರಿ, 1945ರ ಜನವರಿ 21ರಂದು ಟೋಕಿಯೋದಲ್ಲಿ ಕೊನೆಯುಸಿರೆಳೆದರು. ಸ್ವತಂತ್ರ ಭಾರತವನ್ನು ಅವರು ನೋಡಲಿಲ್ಲ. ನಕಾಮುರಾಯಾದ ಕರಿ ಮಾತ್ರ ಶಿಂಜುಕುವಿನಲ್ಲಿ ಉಳಿಯಿತು.

ಬೆಂಕಿ, ಯುದ್ಧ, ಕಾಳಸಂತೆ

ಒಂದೇ ಸೂರಿನಡಿ ಎಲ್ಲವನ್ನೂ ತುಂಬುವುದರಲ್ಲಿ ಅಪಾಯವೂ ಇತ್ತು. 1932ರ ಡಿಸೆಂಬರ್ 16ರ ಬೆಳಿಗ್ಗೆ ಶಿರೊಕಿಯಾದ ನಾಲ್ಕನೆಯ ಮಹಡಿಯ ಆಟಿಕೆ ವಿಭಾಗದಲ್ಲಿ ಕ್ರಿಸ್ಮಸ್ ಮರದ ದೀಪವನ್ನು ಸರಿಪಡಿಸುವಾಗ ಕಿಡಿ ಹಾರಿತು. ಸೆಲ್ಯುಲಾಯ್ಡ್ ಬೊಂಬೆಗಳು ಧಗ್ಗನೆ ಹತ್ತಿಕೊಂಡವು. ಬಟ್ಟೆಗಳನ್ನು ಗಂಟು ಹಾಕಿ ಹಗ್ಗ ಮಾಡಿ ಇಳಿಯಲು ಜನ ಹೆಣಗಿದರು. ಸತ್ತವರು 14 ಮಂದಿ. ಇದಾದ ಮೇಲೆ ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಡಗಳಿಗೆ ಸುರಕ್ಷತೆಯ ಕಟ್ಟುನಿಟ್ಟಿನ ನಿಯಮಗಳು ಬಂದವು.

ಯುದ್ಧ ಎಲ್ಲವನ್ನೂ ನಿಲ್ಲಿಸಿತು. ಕಪಾಟುಗಳು ಬರಿದಾದವು. ಮಿತ್ಸುಕೋಶಿಯ ಕಂಚಿನ ಸಿಂಹಗಳನ್ನೂ ಲೋಹಕ್ಕಾಗಿ ಕೊಂಡೊಯ್ದರು. ಅವು ಕರಗದೆ ಉಳಿದು ಯುದ್ಧದ ನಂತರ ಹಿಂತಿರುಗಿದವು. ಸೋತ ನಗರದ ಜನ ಕೊಳ್ಳಲು ಹೋಗುತ್ತಿದ್ದುದು ಕಾಳಸಂತೆಗೆ. ಉಯೇನೋ ಮತ್ತು ಒಕಾಚಿಮಾಚಿ ನಿಲ್ದಾಣಗಳ ನಡುವೆ ರೈಲು ಹಳಿಯ ಬದಿಯಲ್ಲಿ ಹುಟ್ಟಿದ ಇಂಥ ಒಂದು ಸಂತೆಯೇ ಇಂದಿನ ಅಮೆಯೊಕೊ. ಸಕ್ಕರೆಗೆ ಬರವಿದ್ದ ಕಾಲದಲ್ಲಿ ಅಲ್ಲಿ ಮಾರುತ್ತಿದ್ದ ‘ಅಮೆ’ ಎಂಬ ಮಿಠಾಯಿಯಿಂದ ಆ ಹೆಸರು ಬಂತೆಂದು ಕೆಲವರು. ಅಮೆರಿಕದ ಸೈನಿಕರಿಂದ ಬಂದ ಸಾಮಾನುಗಳಿಂದ ಎಂದು ಇನ್ನು ಕೆಲವರು. ವರ್ಷದ ಕೊನೆಯ ದಿನಗಳಲ್ಲಿ ಏಡಿ, ಟ್ಯೂನಾ ಮೀನು, ಸಾಲ್ಮನ್ ಮೊಟ್ಟೆ ಕೊಳ್ಳಲು ಇಂದಿಗೂ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವ್ಯಾಪಾರಿಗಳು ಗಂಟಲು ಹರಿಯುವಂತೆ ಕೂಗಿ, ಕತ್ತಲಾಗುತ್ತಿದ್ದಂತೆ ಬೆಲೆ ಇಳಿಸುತ್ತಾರೆ. ತಕತೋಶಿ ಓಡಿಸಿದ ಚೌಕಾಸಿಗೆ ಉಳಿದಿರುವ ಆಶ್ರಯಗಳಲ್ಲಿ ಇದೊಂದು.

ಶಾಂತಿ ಮರಳಿದ ಮೇಲೆ ಹೊಸ ವರ್ಷದ ಊಟವೂ ಡಿಪಾರ್ಟ್‌ಮೆಂಟ್ ಸ್ಟೋರಿಗೆ ಬಂತು. ಹಬ್ಬದ ಮೊದಲ ದಿನಗಳಲ್ಲಿ ಒಲೆ ಹಚ್ಚದೆ ತಿನ್ನಲೆಂದು ಮನೆಯಲ್ಲಿ ಮುಂಚಿತವಾಗಿ ಮಾಡಿಡುತ್ತಿದ್ದ ಓಸೆಚಿ ತಿನಿಸುಗಳನ್ನು, ಒಂದರ ಮೇಲೊಂದು ಜೋಡಿಸಿದ ಮೆರುಗಿನ ಪೆಟ್ಟಿಗೆಗಳಲ್ಲಿ ಅಂಗಡಿಗಳೇ ಮಾರತೊಡಗಿದವು. ಕಪ್ಪು ಕಾಳು ಆರೋಗ್ಯಕ್ಕೆ, ಮೀನಿನ ಮೊಟ್ಟೆ ಸಂತಾನಕ್ಕೆ, ಒಣಗಿಸಿದ ಪುಟ್ಟ ಮೀನು ಒಳ್ಳೆಯ ಬೆಳೆಗೆ. ಈಗ ಇವಕ್ಕೆ ಶರತ್ಕಾಲದಲ್ಲೇ ಮುಂಗಡ ಕೊಡಬೇಕು. ಜನವರಿಯ ಮೊದಲ ವ್ಯಾಪಾರದ ದಿನ, ಒಳಗೇನಿದೆ ಎಂದು ಹೇಳದೆ ಮಾರುವ ‘ಅದೃಷ್ಟದ ಚೀಲ’ಕ್ಕೆ ಸಾಲು ನಿಲ್ಲುತ್ತದೆ. ಎದೋದ ಜವಳಿ ಅಂಗಡಿಗಳು ಕತ್ತರಿಸಿ ಉಳಿದ ತುಂಡುಗಳನ್ನು ಚೀಲದಲ್ಲಿ ತುಂಬಿ ಅಗ್ಗಕ್ಕೆ ಕೊಡುತ್ತಿದ್ದುದೇ ಇದರ ಮೂಲವೆನ್ನುತ್ತಾರೆ.

ಮುಚ್ಚುವ ಬಾಗಿಲುಗಳು

1991ರಲ್ಲಿ ಜಪಾನಿನ ಡಿಪಾರ್ಟ್‌ಮೆಂಟ್ ಸ್ಟೋರುಗಳ ಒಟ್ಟು ವ್ಯಾಪಾರ ಸುಮಾರು 9.7 ಲಕ್ಷ ಕೋಟಿ ಯೆನ್ ಮುಟ್ಟಿತ್ತು. ಆಮೇಲೆ ಇಳಿಮುಖ. ಊರ ಹೊರಗಿನ ಮಾಲ್‌ಗಳು, ಅಗ್ಗದ ಉಡುಪಿನ ಸರಣಿ ಅಂಗಡಿಗಳು, ಅಂತರಜಾಲದ ಖರೀದಿ, ಕುಗ್ಗುತ್ತಿರುವ ಊರುಗಳ ಜನಸಂಖ್ಯೆ ಎಲ್ಲವೂ ಕಾರಣ. ಎಚಿಗೋಯಾಗಿಂತಲೂ ಹಳೆಯದಾದ ಶಿರೊಕಿಯಾದ ಉತ್ತರಾಧಿಕಾರಿ ಅಂಗಡಿ 1999ರ ಜನವರಿಯಲ್ಲಿ ಮುಚ್ಚಿತು. 2008ರಲ್ಲಿ ಮಿತ್ಸುಕೋಶಿ ತನ್ನ ಪ್ರತಿಸ್ಪರ್ಧಿ ಇಸೆತಾನ್ ಜೊತೆ ಒಂದಾಯಿತು. 1700ರಲ್ಲಿ ಹುಟ್ಟಿದ ಯಮಗಾತಾದ ಓನುಮಾ 2020ರ ಜನವರಿಯಲ್ಲಿ ದಿವಾಳಿಯಾದಾಗ, ಇಡೀ ಪ್ರಾಂತದಲ್ಲಿ ಒಂದೂ ಡಿಪಾರ್ಟ್‌ಮೆಂಟ್ ಸ್ಟೋರ್ ಉಳಿಯಲಿಲ್ಲ. ಅದೇ ವರ್ಷ ತೊಕುಶಿಮಾ, 2024ರ ಜನವರಿಯಲ್ಲಿ ಶಿಮಾನೆ, ಜುಲೈನಲ್ಲಿ ಮೇಣದ ತಿನಿಸುಗಳ ತವರಾದ ಗಿಫು ಪ್ರಾಂತಗಳದ್ದೂ ಇದೇ ಸ್ಥಿತಿಯಾಯಿತು. ಟೋಕಿಯೋ, ಒಸಾಕಾಗಳ ದೊಡ್ಡ ಅಂಗಡಿಗಳು ವಿದೇಶಿ ಪ್ರವಾಸಿಗಳಿಂದ ತುಂಬಿ ತುಳುಕುತ್ತಿರುವಾಗಲೇ ಚಿಕ್ಕ ಊರುಗಳ ಬಾಗಿಲುಗಳು ಮುಚ್ಚುತ್ತಿವೆ.

ಇದರಿಂದ ಊರು ಕಳೆದುಕೊಳ್ಳುವುದು ಏನನ್ನು? ಇವಾತೆ ಪ್ರಾಂತದ ಹನಾಮಾಕಿ ಎಂಬ ಊರಿನ ಉದಾಹರಣೆ ನೋಡಬಹುದು. ಅಲ್ಲಿನ ಮಾರುಕಾನ್ ಎಂಬ ಅಂಗಡಿ ಭೂಕಂಪ ತಾಳುವಂತೆ ಕಟ್ಟಡವನ್ನು ಬಲಪಡಿಸುವ ಖರ್ಚು ಭರಿಸಲಾಗದೆ 2016ರ ಜೂನ್‌ನಲ್ಲಿ ಮುಚ್ಚಿತು. ಊರಿನ ಹೈಸ್ಕೂಲು ಮಕ್ಕಳು ಸಹಿ ಸಂಗ್ರಹಕ್ಕೆ ಇಳಿದರು. ಅವರಿಗೆ ಬೇಕಾಗಿದ್ದುದು ಆರನೆಯ ಮಹಡಿಯ ಊಟದ ಮನೆ. ಅಲ್ಲಿ ಕರಿ, ಕಟ್‌ಲೆಟ್ ಹಾಕಿದ ಸ್ಪ್ಯಾಗೆಟಿ ಮತ್ತು ಸುಮಾರು 25 ಸೆಂಟಿಮೀಟರ್ ಎತ್ತರದ ಐಸ್‌ಕ್ರೀಂ ಸಿಗುತ್ತಿತ್ತು. ಐಸ್‌ಕ್ರೀಂ ಅಷ್ಟು ಎತ್ತರವಿದ್ದುದರಿಂದ ಅದನ್ನು ಕಡ್ಡಿಗಳಿಂದ ತಿನ್ನುವುದು ಅಲ್ಲಿನ ರೂಢಿ. ಊರಿನವರೇ ಆದ ಉದ್ಯಮಿಗಳು ಮುಂದೆ ಬಂದರು. ಜನರಿಂದ ಚಂದಾ ಕೂಡಿತು. 2017ರ ಫೆಬ್ರುವರಿಯ ಚಳಿಯಲ್ಲಿ ಊಟದ ಮನೆ ಮತ್ತೆ ತೆರೆಯಿತು.

ಡಿಪಾರ್ಟ್‌ಮೆಂಟ್ ಸ್ಟೋರ್ ಹಿಂತಿರುಗಲಿಲ್ಲ. ಬಟ್ಟೆಯನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು. ಅಜ್ಜಿ, ಮೊಮ್ಮಕ್ಕಳು, ಶಾಲೆ ಬಿಟ್ಟ ಹುಡುಗರು, ಕೆಲಸದ ನಡುವೆ ಬಂದ ಕೂಲಿಗಾರರು ಒಂದೇ ಸಾಲಿನಲ್ಲಿ ನಿಂತು, ಗಾಜಿನ ಪೆಟ್ಟಿಗೆಯಲ್ಲಿ ಬೆಲೆ ನೋಡಿ, ಕೈಯಲ್ಲಿರುವ ಹಣಕ್ಕೆ ತಕ್ಕದ್ದನ್ನು ತರಿಸಿಕೊಂಡು ಅಕ್ಕಪಕ್ಕ ಕುಳಿತು ತಿನ್ನುವ ಜಾಗ ಮಾತ್ರ ಬೇರೆಲ್ಲೂ ಸಿಗದೆಂದು ಹನಾಮಾಕಿಯ ಜನ ಕಂಡುಕೊಂಡರು.